ಐದು ಸುತ್ತು ಜಾಯಿಕಾಯಿ

ಎಳೆಗೂಸಿಗೆ ಗುಟ್ಟಿ ಹಾಕುವುದನ್ನು ಮೊಮ್ಮಕ್ಕಳಾದ ನೀವು ಯಾರೂ ನೋಡಿಲ್ಲ. ನಮ್ಮಲ್ಲಿ ಅದು ನಿಂತುಹೋಯಿತು. ಏಕೆ ನಿಂತಿತು ಎಂಬುದನ್ನೇ ಬರೆಯಲು ಕುಳಿತಿದ್ದೇನೆ, ಆದ್ದರಿಂದ ಅದೇನೆಂದು ಮೊದಲು ಹೇಳಬೇಕು. ಸಾಣೆಕಲ್ಲಿನ ಮೇಲೆ ತಾಯಿಯ ಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ಎರಡು ಹನಿ ಹಾಕಿಕೊಂಡು ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿಗಳನ್ನು ಒಂದಾದ ಮೇಲೆ ಒಂದು ತೇಯುವುದು. ಕಲ್ಲಿನ ಮೇಲೆ ದುಂಡಗೆ ಒಮ್ಮೆ ಎಳೆದರೆ ಒಂದು ಸುತ್ತು. ಇದಕ್ಕೆ ಚಮಚದ ಅಳತೆ ಇಲ್ಲ, ಸುತ್ತೇ ಅಳತೆ. ಮಾತು ಸ್ಪಷ್ಟವಾಗಲೆಂದು ಬಜೆ ಎರಡು ಸುತ್ತು, ಹೊಟ್ಟೆ ಹಗುರಾಗಲೆಂದು ಅಳಲೆ ಎರಡು, ನಿದ್ದೆಗೆ ಜಾಯಿಕಾಯಿ ಒಂದು. "ಜಾಯಿಕಾಯಿ ಒಂದಕ್ಕ ನಿಲ್ಲಬೇಕ, ಕೈ ಮುಂದ ಹೋಗಬಾರದ" ಎಂದು ನಮ್ಮವ್ವ ಶಿರಗುಪ್ಪಿಯಲ್ಲಿ ನನಗೆ ಕಲಿಸಿದ್ದಳು. ತೇಯ್ದದ್ದನ್ನು ಬೆರಳ ತುದಿಯಲ್ಲಿ ತೆಗೆದು ಕೂಸಿನ ನಾಲಿಗೆಗೆ ಸವರಿದರೆ ಅದು ಮುಖ ಕಿವುಚಿ ಚಪ್ಪರಿಸಿ ನುಂಗುತ್ತದೆ. ನಿಮ್ಮ ಅವ್ವನಿಗೂ ನಾನು ಹಾಕಿದ್ದೇನೆ, ಓಣಿಯ ಹತ್ತಾರು ಕೂಸುಗಳಿಗೂ ಹಾಕಿದ್ದೇನೆ.

ಹಬ್ಬಕ್ಕೆ ಎಲ್ಲರೂ ಸೇರಿದಾಗ ನಿಮ್ಮ ಅಪ್ಪ ಒಂದು ಮಾತು ಹೇಳುತ್ತಾರೆ. "ಆವತ್ತ ಅತ್ತಿಯವರು ಬಾಯಿ ತೆರೀಲಿಲ್ಲಂದ್ರ ಈ ಹುಡುಗಿ ಇಲ್ಲಿ ಹೋಳಿಗಿ ತಿನ್ನತಿದ್ದಿಲ್ಲ" ಎಂದು ನಿಮ್ಮಲ್ಲಿ ದೊಡ್ಡವಳ ತಲೆ ಸವರುತ್ತಾರೆ. ನೀವೆಲ್ಲ ನನ್ನ ಕಡೆ ನೋಡುತ್ತೀರಿ. ನಾನು ತಾಟು ಎತ್ತಿಕೊಂಡು ಒಳಗೆ ಹೋಗುತ್ತೇನೆ. ನಾನು ಬಾಯಿ ತೆರೆಯಬೇಕಾಗಿ ಬಂದದ್ದು ಏಕೆ ಎಂಬುದನ್ನು ಅವರು ಬಿಟ್ಟು ಹೇಳುತ್ತಾರೆ. ಅದು ಅವರ ದೊಡ್ಡತನ. ಎದುರು ಕುಳಿತು ಹೇಳುವುದು ನನ್ನಿಂದ ಆಗುವುದಿಲ್ಲ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೆಯವರೆಗೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿರಬೇಕು. ನಿಮ್ಮ ಅಜ್ಜ ತೀರಿಕೊಂಡು ಐದು ವರ್ಷವಾಗಿತ್ತು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಗಳನ್ನು, ಅಂದರೆ ನಿಮ್ಮ ಅವ್ವನನ್ನು, ದೇಶಪಾಂಡೆ ನಗರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನದು. ಓಣಿಯ ಮುತ್ತೈದೆಯರ ಕೈಯಿಂದ ಸೀಮಂತದ ಕುಬಸ ಮಾಡಿಸಿ ಅವಳನ್ನು ಕರೆತಂದೆ. ನೀವು ದೇಶಪಾಂಡೆ ನಗರದ ಅಜ್ಜಿ ಎನ್ನುತ್ತೀರಲ್ಲ, ನನ್ನ ಬೀಗತಿ, ಅವರು ಆಗ ಪ್ರಾಥಮಿಕ ಸಾಲೆಯಲ್ಲಿ ಅಕ್ಕೋರಾಗಿದ್ದರು. ಸೊಸೆಯನ್ನು ಕಳಿಸುವಾಗ ಬಾಗಿಲಲ್ಲಿ ನಿಂತು, "ಒಬ್ಬರ ಅದೀರಿ, ನಿಮಗ ನೀಗತೈತಲ್ರಿ?" ಎಂದು ಕೇಳಿದರು. "ನೀಗತೈತ್ರಿ" ಎಂದೆ. ಅವರ ಮುಂದೆ ಅದಕ್ಕಿಂತ ಉದ್ದ ಮಾತಾಡಿದ ನೆನಪು ನನಗಿಲ್ಲ. ಅಳಿಯನ ಮುಂದಂತೂ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಹೇಳಿದಂತೆ ಹೇಳುತ್ತಿದ್ದೆ.

ಹೆರಿಗೆ ಸುಲಭವಾಯಿತು. ಹೆಣ್ಣುಕೂಸು, ತೂಕ ಚೆನ್ನಾಗಿತ್ತು. ಮೂರನೆಯ ದಿನ ಮನೆಗೆ ಬಂದೆವು. ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಕೂಸು ಅತ್ತರೆ ತುಟಿಯ ಸುತ್ತ ನೇರಳೆ ಬಣ್ಣ ಬರುತ್ತಿತ್ತು. ಥಂಡಿ ಎಂದುಕೊಂಡೆ. ನೀರು ಇನ್ನಷ್ಟು ಬಿಸಿ ಮಾಡಿದೆ, ಮೈತುಂಬ ಅರಿಸಿಣ ತಿಕ್ಕಿದೆ, ಇದ್ದಿಲ ಬುಟ್ಟಿಯ ಕಾವು ಕೊಟ್ಟೆ. ಅರಿಸಿಣದ ಕೆಳಗೆ ನೀಲಿ ಎಲ್ಲಿ ಕಾಣಬೇಕು? ನಾಲ್ಕನೆಯ ದಿನ ಮಧ್ಯಾಹ್ನ ಕೂಸು ಎರಡು ಗುಟುಕು ಹೀರಿ ಬೆವೆತು ಬಾಯಿ ಬಿಟ್ಟಿತು. "ಅವ್ವಾ, ಉಗರ ನೋಡ ಇದರದು" ಎಂದಳು ಮಗಳು. ಉಗುರಿಗೆ ಅರಿಸಿಣ ಹತ್ತಿರಲಿಲ್ಲ. ನಾನು ಆಟೋ ತರಲು ಓಡಿದೆ.

ಮಕ್ಕಳ ಡಾಕ್ಟರು ಕೂಸಿನ ಹೆಬ್ಬೆರಳಿಗೆ ಒಂದು ಸಣ್ಣ ಕ್ಲಿಪ್ಪು ಹಾಕಿ ಮಶೀನಿನ ಅಂಕಿ ನೋಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೂಸನ್ನು ತಾವೇ ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟರು. ಅಲ್ಲಿ ಎದೆಯ ಚಿತ್ರ ತೆಗೆದ ಮೇಲೆ ನಿಮ್ಮ ಅಪ್ಪನಿಗೆ ಚೀಟಿಯ ಹಿಂದೆ ಗೆರೆ ಹಾಕಿ ವಿವರಿಸಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಹೃದಯದಿಂದ ಪುಪ್ಪುಸಕ್ಕೆ ರಕ್ತ ಹೋಗುವ ದಾರಿಯಲ್ಲಿ ಒಂದು ವಾಲ್ವ್ ಇರುತ್ತದಂತೆ, ಮೂರು ತೆಳ್ಳನೆಯ ಎಸಳಿನದು. ಈ ಕೂಸಿಗೆ ಹುಟ್ಟುತ್ತಲೇ ಆ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಬಿಟ್ಟಿವೆ, ನಡುವೆ ಸೂಜಿಯ ಮೊನೆಯಷ್ಟು ತೂತು ಉಳಿದಿದೆ. ನಿಮ್ಮ ಅಜ್ಜ ಸೈಕಲ್ಲಿಗೆ ಗಾಳಿ ಹಾಕುವಾಗ ವಾಲ್ವಿನ ರಬ್ಬರು ಅಂಟಿಕೊಂಡರೆ ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ, ಪಂಪು ಕೈಗೆ ಹಿಂದೆ ಒದೆಯುತ್ತಿತ್ತು. ಕೂಸಿನ ಎದೆ ಹಾಗೆ ಒದೆಯುತ್ತಿದೆ ಎಂದು ನನಗೆ ತಿಳಿಯಿತು.

"ಎದಿ ಕೊಯ್ಯೂದು ಬೇಕಾಗಿಲ್ಲ" ಎಂದರು ಡಾಕ್ಟರು. "ತೊಡಿ ಸಂದ್ಯಾಗಿನ ನರದೊಳಗಿಂದ ಒಂದು ತೆಳ್ಳನ್ನ ನಳಗಿ ಹೃದಯದ ತನಕಾ ಕಳಸ್ತಾರ. ಅದರ ತುದಿಗೆ ಬಲೂನ್ ಇರತದ. ಆ ತೂತಿನ್ಯಾಗ ಹೊಗಿಸಿ ಊದಿದ್ರ ಎಸಳು ಬಿಡತಾವ. ಊದಿ ಇಳಿಸಿ ಹೊರಗ ತಗೀತಾರ, ಅಷ್ಟ." ಅಷ್ಟೇ ಎಂದವರು ಮುಂದೆ ಹೇಳಿದ್ದು ಅಷ್ಟೇ ಆಗಿರಲಿಲ್ಲ. ಇಷ್ಟು ಎಳೆಯ ಕೂಸಿಗೆ ಅದನ್ನು ಮಾಡಬಲ್ಲ ಡಾಕ್ಟರು ಹುಬ್ಬಳ್ಳಿಯಲ್ಲಿ ಇರಲಿಲ್ಲ. ಬೆಂಗಳೂರಿನಿಂದ ಒಬ್ಬರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು, ಶನಿವಾರ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸ್. ಪುಣ್ಯಕ್ಕೆ ಆ ಶನಿವಾರ ಎರಡೇ ದಿನ ದೂರ ಇತ್ತು.

ಅಲ್ಲಿಯವರೆಗೆ ಕೂಸು ಉಳಿಯಬೇಕಲ್ಲ. ಹೊಟ್ಟೆಯಲ್ಲಿದ್ದಾಗ ಕೂಸಿಗೆ ರಕ್ತ ಹರಿಯಲು ಒಂದು ಅಡ್ಡದಾರಿ ಇರುತ್ತದಂತೆ, ಹುಟ್ಟಿದ ಮೇಲೆ ನಾಲ್ಕಾರು ದಿನಕ್ಕೆ ಅದು ತಾನೇ ಮುಚ್ಚುತ್ತದೆ. ಆ ದಾರಿ ತೆರೆದಿಡಲು ಒಂದು ಔಷಧವನ್ನು ಹನಿ ಹನಿಯಾಗಿ ನರಕ್ಕೆ ಬಿಡುತ್ತಿದ್ದರು. ನಿಮ್ಮ ಅಪ್ಪ ಊರೆಲ್ಲ ಫೋನು ಮಾಡಿ ಬೆಳಗಾವಿಗೆ ಹೋಗಿ ಐಸು ತುಂಬಿದ ಥರ್ಮಾಸಿನಲ್ಲಿ ಅದರ ಸೀಸೆಗಳನ್ನು ತಂದಿದ್ದರು. ಸಿಕ್ಕಿದ್ದೇ ಕೆಲವು. ಶನಿವಾರ ಬೆಳಿಗ್ಗೆ ಕೊನೆಯದನ್ನು ಹಚ್ಚಿದ್ದರು, ಅದು ರಾತ್ರಿಯ ತನಕ ಸಾಕಾಗುತ್ತಿತ್ತು. ಆ ಔಷಧಕ್ಕೆ ಒಂದು ಕೆಟ್ಟ ಗುಣ ಇದೆ ಎಂದೂ ಮೊದಲೇ ಹೇಳಿದ್ದರು. ಕೆಲವು ಕೂಸುಗಳು ಅದರಿಂದ ಉಸಿರಾಡುವುದನ್ನೇ ಮರೆಯುತ್ತವೆ. ಎರಡು ದಿನ ನಮ್ಮ ಕೂಸು ಮರೆಯಲಿಲ್ಲ.

ಐದನೆಯ ದಿನ ಸೆಟವಿ ಪೂಜೆ ಆಗಬೇಕಿತ್ತು. ದೇವಿ ಬಂದು ಹಣೆಬರಹ ಬರೆಯುತ್ತಾಳೆಂದು ಖಾಲಿ ಹಾಳೆ, ಪೆನ್ನು ಇಡುತ್ತೇವೆ. ಆ ದಿನ ನಮ್ಮ ಮುಂದೆ ಬಂದ ಹಾಳೆ ಆಸ್ಪತ್ರೆಯದು. ನಿಮ್ಮ ಅಪ್ಪ ಮೂರು ಕಡೆ ಸಹಿ ಮಾಡಿದರು.

ಮಗಳಿಗೆ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ನಾನು ನಸುಕಿನಲ್ಲಿ ಮನೆಗೆ ಹೋಗಿ ಬಾಣಂತಿಯ ಅನ್ನ, ಬೆಳ್ಳುಳ್ಳಿ ಸಾರು ಮಾಡಿಕೊಂಡು ಬರುತ್ತಿದ್ದೆ. ಶನಿವಾರ ಒಲೆಯ ಮೇಲೆ ಅನ್ನ ಕುದಿಯುವಾಗ ಸಾಣೆಕಲ್ಲು ಕಣ್ಣಿಗೆ ಬಿತ್ತು. ತೊಡೆಯ ಸಂದಿಯಿಂದ ನಳಿಗೆ ಹೊಗಿಸುತ್ತಾರೆ ಎಂಬ ಮಾತೇ ಎರಡು ದಿನದಿಂದ ತಲೆಯಲ್ಲಿತ್ತು. ಅಷ್ಟು ಎಳೆಯ ತೊಡೆ. ಕೂಸಿಗೆ ಮತ್ತು ಬರಿಸಿಯೇ ಮಾಡುತ್ತಾರೆ, ಅದಕ್ಕೆಂದೇ ಧಾರವಾಡದಿಂದ ಒಬ್ಬ ಹೆಣ್ಣು ಡಾಕ್ಟರು ಬರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಮಾತು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಬಜೆ, ಅಳಲೆ ತೇಯ್ದು ಜಾಯಿಕಾಯಿ ಕೈಗೆ ತೆಗೆದುಕೊಂಡೆ. ಒಂದು ಸುತ್ತಿಗೆ ಎಷ್ಟು ನಿದ್ದೆ ಎಂದು ಗೊತ್ತಿತ್ತು. ನಳಿಗೆ ಹೋಗಿ ಬರುವವರೆಗೂ ಮಲಗಿರಲಿ ಎಂದು ಇನ್ನೊಂದು ಎಳೆದೆ. ಹಾಗೆ ಐದು ಸುತ್ತು. ನಿಮ್ಮ ಅಜ್ಜನ ತಪಕೀರಿನ ಖಾಲಿ ಡಬ್ಬಿಯೊಂದಿತ್ತು, ಅವರು ನಶ್ಯ ಏರಿಸುತ್ತಿದ್ದರು. ಅದನ್ನು ಕುದಿಯುವ ನೀರಿನಲ್ಲಿ ತೊಳೆದು ಗುಟ್ಟಿಯನ್ನು ಅದರಲ್ಲಿ ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಏಳು ಗಂಟೆಗೆ ಕೂಸಿನ ಮೈ ಒರೆಸಲು ಮನೆಯ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತಿದ್ದರು. ಸಿಸ್ಟರ್ ಹಸಿರು ನಿಲುವಂಗಿ ತೊಡಿಸಿ, "ಇವತ್ತ ಹಾಲು ಹಾಕಬ್ಯಾಡ್ರಿ ಅಜ್ಜಿ, ಹೊಟ್ಟಿ ಖಾಲಿ ಇರಬೇಕು" ಎಂದಳು. "ಹೂಂನ್ರಿ" ಎಂದೆ. ಹಾಲು ಹಾಕಲಿಲ್ಲ. ಅವಳು ಆ ಕಡೆ ಇನ್ನೊಂದು ಕೂಸಿನ ಬಳಿ ಹೋದಾಗ ಡಬ್ಬಿ ತೆರೆದು ಬೆರಳಿಗೆ ಬಂದಷ್ಟನ್ನು ಮೂರು ಸಲ ನಾಲಿಗೆಗೆ ಸವರಿದೆ. ಗುಟ್ಟಿ ಹೊಟ್ಟೆಗೆ ಹಾಕುವುದು ಎಂದು ನಾವು ಯಾರೂ ಅನ್ನುವುದಿಲ್ಲ. ಅದು ನಾಲಿಗೆಗೆ ಹಚ್ಚುವುದು. ಕದ್ದು ಮಾಡುತ್ತಿದ್ದೇನೆ ಎಂದು ಮಾತ್ರ ಗೊತ್ತಿತ್ತು. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಕೂಸನ್ನು ಒಂಬತ್ತೂವರೆಗೆ ಒಯ್ಯುತ್ತಾರೆ ಎಂದಿದ್ದರು. ಒಳ್ಳೆಯ ಕೆಲಸಕ್ಕೆ ಹೊರಡುವಾಗ ಎದುರಿಗೆ ನನ್ನಂಥವಳ ಮುಖ ಬೇಡವೆಂದು ನಾನು ಕಾರಿಡಾರಿನ ತುದಿಯಲ್ಲಿ ಮೆಟ್ಟಿಲ ಬದಿಗೆ ಹೋಗಿ ಕುಳಿತೆ. ಅಲ್ಲಿಂದ ಒಳಬಾಗಿಲು ಕಾಣುತ್ತಿತ್ತು, ನಾನು ಕಾಣುತ್ತಿರಲಿಲ್ಲ. ಎಂಟೂವರೆಯ ಸುಮಾರಿಗೆ ಆ ಬಾಗಿಲು ಪದೇ ಪದೇ ತೆರೆಯತೊಡಗಿತು. ಸಿಸ್ಟರ್ ಓಡಿ ಹೋಗಿ ಮಕ್ಕಳ ಡಾಕ್ಟರನ್ನು ಕರೆತಂದಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಬ್ಯಾಗು ಹಿಡಿದ ಬೆಂಗಳೂರಿನ ಡಾಕ್ಟರು ಬಂದರು, ಅವರ ಹಿಂದೆ ಧಾರವಾಡದ ಆ ಹೆಣ್ಣು ಡಾಕ್ಟರು. ಇಬ್ಬರೂ ಸರಸರ ಒಳಗೆ ಹೋದರು. ಆಮೇಲೆ ನಿಮ್ಮ ಅಪ್ಪನನ್ನು ಕರೆದರು.

ನಿಮ್ಮ ಅಪ್ಪ ಹೊರಗೆ ಬಂದಾಗ ಗೋಡೆ ಹಿಡಿದುಕೊಂಡು ಬಂದರು. ಬೀಗತಿ ಬೆಂಚಿನಿಂದ ಎದ್ದರು. "ಏನಂತೋ?"

"ಕೂಸು ಉಸರ ನಿಲ್ಲಸಾಕತ್ತೈತಿ. ಕಾಲ ಚಿವುಟಿದ್ರ ತಗೋತೈತಿ, ಮತ್ತ ನಿಲ್ಲಸತೈತಿ. ಆ ಹನಿ ಔಷಧದಿಂದ ಅಂತಾರ."

"ಮತ್ತ ಏನ ಮಾಡ್ತಾರ?"

"ಹನಿ ಕಡಿಮಿ ಮಾಡ್ತಾರಂತ."

"ಕಡಿಮಿ ಮಾಡಿದ್ರ ಆ ದಾರಿ ಮುಚ್ಚತೈತಿ, ನೀಲಿ ಆಗತೈತಿ ಅಂತ ಅವರ ಅಂದಿದ್ರಲ್ಲೋ."

"ಅಂದಿದ್ರು ಅವ್ವಾ. ಕಡಿಮಿ ಮಾಡಲಿಲ್ಲಂದ್ರ ಉಸರ ಇಲ್ಲ, ಮಾಡಿದ್ರ ರಕ್ತ ಇಲ್ಲ. ನೀ ಸುಮ್ನ ಕುಂಡ್ರ."

ನನಗೆ ಕೂತಲ್ಲೇ ತಿಳಿಯಿತು. ಎರಡು ದಿನ ಮರೆಯದ ಉಸಿರು ಇವತ್ತೇ ಏಕೆ ಮರೆಯಬೇಕು? ಸೊಂಟದಲ್ಲಿ ಡಬ್ಬಿ ಒತ್ತುತ್ತಿತ್ತು. ಇದನ್ನು ಹೇಳಬೇಕು, ಈಗಲೇ ಹೇಳಬೇಕು ಎಂದು ಗೊತ್ತಾಯಿತು. ಆದರೂ ಏಳಲಿಲ್ಲ. ಹೇಳಿದರೆ ಕೂಸನ್ನು ಇವತ್ತು ಒಯ್ಯದೇ ಹೋದರೆ? ಡಾಕ್ಟರು ಸಂಜೆ ರೈಲು ಹತ್ತಿದರೆ ಮತ್ತೆ ಹದಿನೈದು ದಿನ, ಸೀಸೆ ಇರುವುದು ರಾತ್ರಿಯ ತನಕ. ಇನ್ನೊಂದನ್ನೂ ಮುಚ್ಚಿಡದೆ ಬರೆಯುತ್ತೇನೆ. ಬೀಗತಿ ಏನನ್ನುತ್ತಾರೆ, ನನ್ನ ಮಗಳು ನಾಳೆ ಆ ಮನೆಯಲ್ಲಿ ಹೇಗೆ ಬಾಳುತ್ತಾಳೆ, ತವರಿನವರು ಕೂಸಿಗೆ ವಿಷ ಹಾಕಿದರು ಅನ್ನಿಸಿಕೊಂಡು. ಕೂಸಿನ ಉಸಿರಿನ ಜೊತೆಗೆ ಇದೂ ನನ್ನ ತಲೆಯಲ್ಲಿ ಓಡುತ್ತಿತ್ತು.

ಹತ್ತಿರದಲ್ಲಿ ಒಬ್ಬ ಆಯಾ ನೆಲ ಒರೆಸುತ್ತಿದ್ದಳು. ಅವಳಿಗೆ ಹೇಳಿದೆ. "ತಂಗೀ, ಮುಂಜಾನೆ ನಾ ಕೂಸಿಗೆ ಗುಟ್ಟಿ ಹಾಕೇನಿ. ಒಳಗ ಒಂದು ಮಾತು ಹೇಳ್ತೀಯೇನ?"

ಅವಳು ಬಟ್ಟೆ ಹಿಂಡುತ್ತಲೇ ನನ್ನನ್ನು ನೋಡಿದಳು. "ನಾ ಹೇಳಿದ್ರ ನಿನಗ ಹೆಂಗ ಗೊತ್ತಾತು, ನೀ ಯಾಕ ಬಿಟ್ಟಿ ಅಂತ ನನ್ನ ಹಿಡೀತಾರ. ಕೂಸು ನಿಂದೋ ನಂದೋ?"

"ನಂದ."

"ಹಂಗಾರ ಏಳ. ನೆಲಾ ಹಸಿ ಐತಿ, ಜಾರಬ್ಯಾಡ."

ಎದ್ದೆ. ಕಾರಿಡಾರು ಎಷ್ಟು ಉದ್ದ ಇತ್ತೆಂದು ಈಗ ಹೋಗಿ ನೋಡಿದರೆ ನಗು ಬರಬಹುದು. ಬೀಗತಿ, "ಎಲ್ಲಿಗ್ರಿ?" ಎಂದರು. ಉತ್ತರ ಕೊಟ್ಟಿದ್ದರೆ ಅಲ್ಲಿಯೇ ನಿಂತುಬಿಡುತ್ತಿದ್ದೆ. ಒಳಬಾಗಿಲು ದೂಡಿದೆ. ಮೂವರು ಡಾಕ್ಟರುಗಳು ಕೂಸಿನ ಸುತ್ತ ನಿಂತಿದ್ದರು. ಸಿಸ್ಟರ್ ಹನಿ ಔಷಧದ ಮಶೀನಿನ ಮೇಲೆ ಕೈ ಇಟ್ಟು ಅವರ ಮಾತಿಗೆ ಕಾದಿದ್ದಳು. "ಹೊರಗ ಹೊರಗ, ಅಜ್ಜಿ ಹೊರಗ ನಡೀರಿ" ಎಂದಳು. ಡಬ್ಬಿ ತೆಗೆದು ಕೈ ಚಾಚಿದೆ.

ಧಾರವಾಡದ ಡಾಕ್ಟರು ತೆಗೆದುಕೊಂಡರು. "ಏನ್ರಿ ಇದು, ತಪಕೀರ?" ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದರು. ಅವರ ಮುಖ ಬದಲಾಯಿತು. "ಜಾಯಿಕಾಯಿ. ಗುಟ್ಟಿ ಹಾಕಿದ್ರೇನು?"

ಹೌದೆಂದು ತಲೆ ಅಲ್ಲಾಡಿಸಿದೆ.

"ತಲಿ ಬ್ಯಾಡ, ಬಾಯಿಲೆ ಹೇಳ್ರಿ. ಎಷ್ಟ ಸುತ್ತ?"

ಆ ಬಿಳಿ ಕೋಟಿನ ಬಾಯಿಂದ ಸುತ್ತು ಎಂಬ ಮಾತು ಬಂದದ್ದೇ ನನ್ನ ಬಾಯೂ ತೆರೆಯಿತು. "ಐದ್ರಿ" ಎಂದೆ.

"ಎಲ್ಲಾ ಕೂಡಿ ಐದೋ, ಜಾಯಿಕಾಯಿನ ಐದೋ?"

"ಜಾಯಿಕಾಯಿನ ಐದ್ರಿ."

"ಯಾವಾಗ?"

"ಏಳಕ್ಕರಿ. ಮೂರು ಬೆರಳ ಹಚ್ಚೇನಿ. ನುಂಗೇತ್ರಿ."

"ಹಾಲು?"

"ಇಲ್ರಿ. ಹಾಲು ಹಾಕಬ್ಯಾಡ ಅಂದಿದ್ರು, ಹಾಕಿಲ್ರಿ."

ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಇಂಗ್ಲಿಷಿನಲ್ಲಿ ಬೇಗ ಬೇಗ ಏನೋ ಹೇಳಿದರು. ಸಿಸ್ಟರ್ ಮಶೀನಿನಿಂದ ಕೈ ತೆಗೆದಳು. ಬೆಂಗಳೂರಿನ ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮಾ, ಇನ್ನೇನಾದ್ರೂ ಕೊಟ್ಟಿದ್ರೆ ಈಗ್ಲೇ ಹೇಳ್ಬಿಡಿ. ಬೈಯೋದು ಗಿಯ್ಯೋದೆಲ್ಲ ಆಮೇಲೆ."

"ಮತ್ತೇನೂ ಇಲ್ರಿ. ನನ್ನ ಮಗಳಾಣಿ."

ಮೂಗಿನಿಂದ ಸಣ್ಣ ಕೊಳವೆ ಬಿಟ್ಟು ಕೂಸಿನ ಹೊಟ್ಟೆಯಲ್ಲಿದ್ದದ್ದನ್ನು ಎಳೆದರು. ಸಿರಿಂಜಿನಲ್ಲಿ ಕಂದು ನೀರು ಬಂತು. ಅದನ್ನು ನಾನು ನೋಡಿದೆ. ಉಸಿರಿಗೆ ಇನ್ನೊಂದು ಕೊಳವೆ ಹಾಕಿ ಕೈಯಿಂದ ಚೀಲ ಒತ್ತತೊಡಗಿದರು. ಧಾರವಾಡದ ಡಾಕ್ಟರು ನನ್ನನ್ನು ಬಾಗಿಲ ತನಕ ತಂದರು. ನಿಮ್ಮ ಅಪ್ಪ, ಬೀಗತಿ ಅಲ್ಲಿಯೇ ನಿಂತಿದ್ದರು, ಎಲ್ಲವನ್ನೂ ಕೇಳಿದ್ದರು.

"ಇದರಿಂದನ ಅಂತ ಹೇಳಾಕ ಬರಂಗಿಲ್ಲ" ಎಂದರು ಡಾಕ್ಟರು. "ಆ ಔಷಧದಿಂದನೂ ಇರಬಹುದು, ಜಾಯಿಕಾಯಿಂದನೂ ಇರಬಹುದು, ಎರಡೂ ಕೂಡಿನೂ ಇರಬಹುದು. ಆದ್ರ ಔಷಧದ್ದ ತಪ್ಪು ಅಂತ ಹನಿ ಕಡಿಮಿ ಮಾಡೂದಿತ್ತು. ಅದನ್ನ ಮಾಡಂಗಿಲ್ಲ. ಉಸರು ನಾವು ಕೊಡ್ತೀವಿ. ಮೂರು ತಾಸು ನೋಡಿ ಒಯ್ತೀವಿ."

"ಡಾಕ್ಟರ ರೈಲು?" ಎಂದರು ನಿಮ್ಮ ಅಪ್ಪ.

"ಕಾಯ್ತೀನಿ ಅಂದಾರ. ನೀವು ಅವರಿಗೊಂದು ಚಾ ತರಸ್ರಿ."

ನಿಮ್ಮ ಅಪ್ಪ ಚಹಾ ತರಲು ಹೋದರು. ಅವರು ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಬೆಂಚಿನ ಮೇಲೆ ನಾನೂ ಬೀಗತಿಯೂ ಉಳಿದೆವು.

"ಐದ ಸುತ್ತ" ಎಂದರು ಬೀಗತಿ. "ನನ್ನ ಸಾಲಿ ಒಂದನೇತ್ತೆ ಹುಡುಗೂರಿಗೂ ಗೊತ್ತೈತ್ರಿ, ಖಾಲಿ ಅಂದ್ರ ಖಾಲಿ."

ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

"ಹಾಕಿದ್ದಕ್ಕ ನಾ ಏನೂ ಅನ್ನಂಗಿಲ್ಲ ಬೀಗತಿ. ನಮ್ಮತ್ತಿನೂ ಹಾಕ್ಯಾರ, ನಾನೂ ಹಾಕೇನಿ. ಉಸರ ನಿಲ್ಲಸಾಕತ್ತೈತಿ ಅಂತ ನನ್ನ ಮಗಾ ಹೇಳಿದ್ದು ನಿಮಗ ಕೇಳಿಸಿತ್ತಿಲ್ರಿ?"

"ಕೇಳಿಸಿತ್ರಿ."

"ಅದಾಗಿ ಕಾಲ ತಾಸ ಮ್ಯಾಲೆ ಆತು. ಅಷ್ಟೊತ್ತು ಹೆಂಗ ಸುಮ್ಮನ ಕುಂತ್ರಿ?"

ಅವರ ದನಿ ಏರಿರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. ನಿಮ್ಮ ಅಪ್ಪನ ಕಥೆಯಲ್ಲಿ ನಾನು ಎದ್ದು ಬಾಗಿಲು ದೂಡುವುದಿದೆ, ಅದಕ್ಕೆ ಮೊದಲಿನ ಆ ಕಾಲು ತಾಸು ಇಲ್ಲ. ಸಿಸ್ಟರ್ ಮಶೀನಿನ ಗುಂಡಿ ಎರಡು ನಿಮಿಷ ಮೊದಲೇ ತಿರುಗಿಸಿದ್ದರೆ ಅವರು ಹೇಳಲು ಕಥೆಯೂ ಇರುತ್ತಿರಲಿಲ್ಲ.

"ಅಕಿಗೂ ನೀವ ಹೋಗಿ ಹೇಳ್ರಿ. ಬ್ಯಾರೆಯವರ ಬಾಯಿಲೆ ಕೇಳೂದು ಬ್ಯಾಡ" ಎಂದರು. ಮೇಲಿನ ಕೋಣೆಗೆ ಹೋದೆ. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. "ಒಯ್ದ್ರೇನವ್ವಾ?" ಎಂದು ಕೇಳಿದಳು. ನಿಂತೇ ಹೇಳಿದೆ, ಒಂದೂ ಬಿಡದೆ. ಅವಳು ನನ್ನ ಕೈಯನ್ನು ನೋಡಿದಳು. "ಎರಡು ದಿನಾ ಚೊಲೋ ಇತ್ತಲ್ಲವ್ವಾ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಹಾಲು ಕಟ್ಟಿ ಅವಳ ಕುಪ್ಪಸ ಒದ್ದೆಯಾಗಿತ್ತು. ಒಣ ಬಟ್ಟೆ ಪಕ್ಕದಲ್ಲಿಟ್ಟು ಕೆಳಗೆ ಬಂದೆ.

ಮೂರು ತಾಸು. ಬೆಂಗಳೂರಿನ ಡಾಕ್ಟರು ಎರಡು ಸಲ ಬಂದು ಕೂಸನ್ನು ನೋಡಿ ಹೋದರು, ಎರಡು ಸಲವೂ ಗಡಿಯಾರ ನೋಡಿಕೊಂಡರು. ಒಂದು ಗಂಟೆಗೆ ಬಾಗಿಲು ಪೂರ್ತಿ ತೆರೆದು ತಳ್ಳುಗಾಡಿ ಹೊರಗೆ ಬಂತು. ಅಷ್ಟು ದೊಡ್ಡ ಗಾಡಿಯ ನಡುವೆ ಕೂಸು ಒಂದು ಗಂಟಿನ ಹಾಗೆ ಇತ್ತು. ಧಾರವಾಡದ ಡಾಕ್ಟರು ಪಕ್ಕದಲ್ಲಿ ನಡೆಯುತ್ತಲೇ ಚೀಲ ಒತ್ತುತ್ತಿದ್ದರು. ನಾನು ಎದ್ದು ಮೆಟ್ಟಿಲ ಕಡೆ ಸರಿಯತೊಡಗಿದೆ. ಬೀಗತಿ ನನ್ನ ತೋಳು ಹಿಡಿದರು.

"ಎಲ್ಲಿ ಹೊಂಟ್ರಿ?"

"ನಾ ಎದುರಿಗೆ ಬರಬಾರದ್ರಿ."

"ಬರೂದೆಲ್ಲಾ ಬಂದಾಗೇತಿ. ಇಲ್ಲೇ ನಿಂದರ್ರಿ."

ಗಾಡಿ ನಮ್ಮ ಮುಂದೆ ಹಾದುಹೋಯಿತು. ಕೂಸಿನ ಪಾದ ನೀಲಿಯೋ ಬೂದಿಯೋ ಹೇಳಲಾಗದ ಬಣ್ಣದಲ್ಲಿತ್ತು.

ನಳಿಗೆ ಹಾಕುವ ಕೋಣೆಗೆ ದಪ್ಪನೆಯ ಬಾಗಿಲು. ಅದರ ಮೇಲೆ ಕೆಂಪು ದೀಪ. ನಾವು ಮೂವರೂ ನಿಂತೇ ಇದ್ದೆವು. ಅರ್ಧ ತಾಸಾಗಿರಬಹುದು, ಒಳಗೆ ಒಂದು ಮಶೀನು ಕೂಗಿಕೊಳ್ಳತೊಡಗಿತು. ನಿಲ್ಲಲಿಲ್ಲ. ಸಿಸ್ಟರ್ ಒಬ್ಬಳು ಓಡಿ ಬಂದು ಒಳಗೆ ಹೋದಳು, ಬಾಗಿಲ ಸಂದಿಯಿಂದ ಯಾರೋ, "ಇನ್ನೊಂದ್ಸಲ, ಇನ್ನೊಂದೇ ಸಲ" ಎಂದದ್ದು ಕೇಳಿಸಿತು. ಬಾಗಿಲು ಮುಚ್ಚಿತು. ನಿಮ್ಮ ಅಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಬೀಗತಿ ಇನ್ನೂ ನನ್ನ ತೋಳು ಹಿಡಿದಿದ್ದರು, ಅವರ ಬಳೆ ನನ್ನ ಚರ್ಮಕ್ಕೆ ಒತ್ತಿ ಗುರುತು ಮೂಡಿತ್ತು. ಆಮೇಲೆ ಕೂಗು ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹೊರಗಿದ್ದವರಿಗೆ ತಿಳಿಯುವ ಹಾಗಿರಲಿಲ್ಲ.

ಬೆಂಗಳೂರಿನ ಡಾಕ್ಟರು ಹೊರಗೆ ಬಂದಾಗ ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ ಇನ್ನೂ ಮೈಮೇಲಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. "ಬಲೂನು ಎರಡು ಸಲ ಊದಿದ್ವಿ" ಎಂದರು ನಿಮ್ಮ ಅಪ್ಪನಿಗೆ. "ಊದಿದಾಗ ಇದ್ದ ತೂತೂ ಮುಚ್ಚುತ್ತಲ್ಲ, ಆ ಹೊತ್ತಿಗೆ ಎದೆಬಡಿತ ಇಳೀತು. ತಾನೇ ಏರ್ತು. ವಾಲ್ವ್ ತೆರ್ಕೊಂಡಿದೆ. ಸ್ವಲ್ಪ ಸೋರುತ್ತೆ, ಅದು ಇರ್ಲಿ, ವರ್ಷಕ್ಕೊಂದ್ಸಲ ತೋರಿಸ್ತಾ ಇರಿ." ನಿಮ್ಮ ಅಪ್ಪ ಅವರ ಕಾಲಿಗೆ ಬಗ್ಗಿದರು, ಅವರು ಹಿಂದೆ ಸರಿದರು.

ನಾನು ಅವರ ಹಿಂದೆ ಬಂದ ಧಾರವಾಡದ ಡಾಕ್ಟರನ್ನು ನೋಡುತ್ತಿದ್ದೆ. ಯಾರೂ ಹೇಳಿಕೊಡದೆ ನಾನೇ ಕೇಳಿದೆ. "ಉಸರು?"

"ಇನ್ನೂ ನಾವ ಕೊಡಾಕತ್ತೇವಿ. ಸಂಜೀಕ ಟ್ಯೂಬ್ ತಗದು ನೋಡ್ತೀವಿ. ತಾನ ತಗೋಬೇಕದು."

ಉಳಿದವರಿಗೆ ಕೂಸು ಗೆದ್ದು ಬಂದಿತ್ತು. ಬೀಗತಿ ಮನೆಗೆ ಫೋನು ಮಾಡಿಸಿದರು, ನಿಮ್ಮ ಅಪ್ಪ ಮೇಲೆ ಹೋಗಿ ನನ್ನ ಮಗಳಿಗೆ ಹೇಳಿ ಬಂದರು. ವಾಲ್ವ್ ಹುಟ್ಟಿನಿಂದ ಬಂದದ್ದು, ಅದನ್ನು ಡಾಕ್ಟರು ಬಿಡಿಸಿದರು. ಉಸಿರಿನ ಲೆಕ್ಕ ಮಾತ್ರ ನನ್ನದಾಗಿ ಉಳಿದಿತ್ತು. ಐದು ಗಂಟೆಗೆ ಕೊಳವೆ ತೆಗೆದರು. ಐದೂವರೆಗೆ ಸಿಸ್ಟರ್ ಬಾಗಿಲಿಗೆ ಬಂದು, "ಒಬ್ಬೊಬ್ಬರ ಬರ್ರಿ, ಐದೈದು ನಿಮಿಷ. ಮೊದಲ ಯಾರು?" ಎಂದಳು.

ಮೊದಲು ಹೋಗಬೇಕಾದವರು ಬೀಗತಿ. ಅದು ಅವರ ಮನೆಯ ಕೂಸು. ಅವರು ಏಳಲಿಲ್ಲ.

"ಬೀಗತಿ, ಇಲ್ಲಿ ಬರ್ರಿ" ಎಂದರು. "ಕೈ ತೋರಸ್ರಿ."

ಎರಡೂ ಕೈ ಚಾಚಿದೆ. ಅವರು ಅಂಗೈ ನೋಡಿದರು, ತಿರುಗಿಸಿ ಉಗುರು ನೋಡಿದರು. ಅಲ್ಲಿ ಕುಳಿತಿದ್ದ ಬೇರೆ ಕೂಸಿನ ಮನೆಯವರು ನಗುತ್ತಿದ್ದರು. "ಸೊಂಟದಾಗ?"

"ಏನೂ ಇಲ್ರಿ. ಡಬ್ಬಿ ಡಾಕ್ಟರ ಹಂತೇಕ ಐತ್ರಿ."

"ಹೋಗ್ರಿ. ನೀವ ಮೊದಲ ಹೋಗ್ರಿ."

ಕೂಸಿನ ಬಾಯಲ್ಲಿ ಕೊಳವೆ ಇರಲಿಲ್ಲ. ತೊಡೆಯ ಸಂದಿಯಲ್ಲಿ ಒಂದು ಸಣ್ಣ ಪಟ್ಟಿ, ಅಷ್ಟೇ. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು, ಎರಡು ಎಂದು ಎಣಿಸತೊಡಗಿದೆ. ನಲವತ್ತರ ಹತ್ತಿರ ಒಮ್ಮೆ ತಡೆಯಿತು, ನನ್ನದೂ ತಡೆಯಿತು. ಮತ್ತೆ ಏರಿತು.

"ಮುಟ್ರಿ ಅಜ್ಜಿ, ಏನಾಗಂಗಿಲ್ಲ" ಎಂದಳು ಸಿಸ್ಟರ್. ನಾನು ಮುಟ್ಟಲಿಲ್ಲ. "ಏನ ಎಣಸಾಕತ್ತೀರಿ?"

"ಉಸರ್ರಿ."

"ಅದನ್ನ ಮಶೀನ್ ಎಣಸತೈತಿ."

"ಎಣಸಲಿ ಬಿಡ್ರಿ" ಎಂದೆ, ಎಣಿಕೆ ತಪ್ಪದ ಹಾಗೆ.

ಹೊತ್ತಾಯಿತು ಎಂದು ಅವಳು ಭುಜ ಮುಟ್ಟಿದಾಗ ಹೊರಗೆ ಬಂದೆ. ಬಾಗಿಲಲ್ಲಿ ನಿಲುವಂಗಿ ತೊಡಲು ಕಾಯುತ್ತಿದ್ದ ಬೀಗತಿಗೆ, ಅವರು ಕೇಳುವ ಮೊದಲೇ, ಅಳಿಯನೂ ಕೇಳುವ ಹಾಗೆ ಹೇಳಿದೆ.

"ಇನ್ನೂರಾ ಹನ್ನೊಂದ ಸಲ ತಗೊಂತ್ರಿ. ನಲವತ್ತರ ಹತ್ರ ಒಮ್ಮೆ ಸ್ವಲ್ಪ ತಡಾ ಮಾಡಿತು. ಒಳಗ ಹೋದಾಗ ನೀವೂ ನೋಡ್ರಿ, ತಡಾ ಮಾಡಿದ್ರ ಸಿಸ್ಟರಿಗೆ ಹೇಳ್ರಿ."

ಅವರು ಹೂಂ ಎಂದು ಒಳಗೆ ಹೋದರು.